ಹೃದಯಾಘಾತದ ಅನಂತರ ದಂಪತಿಗಳು ಪಾಲಿಸಬೇಕಾದ ಎಚ್ಚರಿಕೆಗಳು

ಹೃದಯಾಘಾತವಾದ ರೋಗಿಯು ಆಸ್ಪತ್ರೆಯಲ್ಲಿ ಇರುವುದು ಸಾಮಾನ್ಯವಾಗಿ ಕೆಲವೇ ದಿನಗಳು. ಆ ದಿನಗಳಲ್ಲಿ ವೈದ್ಯರು, ದಾದಿಯರು, ಯಂತ್ರಗಳು ಎಲ್ಲವೂ ಆತನ ಸುತ್ತ ಇರುತ್ತವೆ. ಆಮೇಲೆ ಒಂದು ದಿನ ಬಿಡುಗಡೆಯ ಚೀಟಿಯನ್ನೂ ಮಾತ್ರೆಗಳ ಚೀಲವನ್ನೂ ಕೈಗಿತ್ತು ಮನೆಗೆ ಕಳುಹಿಸಿಕೊಡುತ್ತಾರೆ. ಅಲ್ಲಿಂದ ಮುಂದೆ ಆ ಹೃದಯದ ಯೋಗಕ್ಷೇಮವು ಬಹುಮಟ್ಟಿಗೆ ಗಂಡ ಹೆಂಡಿರಿಬ್ಬರ ಕೈಯಲ್ಲಿರುತ್ತದೆ. ರೋಗಿಯು ಗಂಡನೇ ಆಗಿರಬಹುದು, ಹೆಂಡತಿಯೇ ಆಗಿರಬಹುದು. ಈ ಲೇಖನವನ್ನು ಇಬ್ಬರೂ ಓದಬೇಕು. ಓದು ಬಾರದವರಿಗೆ ಇನ್ನೊಬ್ಬರು ಓದಿ ಹೇಳಬೇಕು.

ಒಮ್ಮೆ ಹೃದಯಾಘಾತವಾದವರಿಗೆ ಎರಡನೆಯದು ಆಗುವ ಸಂಭವವು ಇತರರಿಗಿಂತ ಹೆಚ್ಚು. ಮೊದಲನೆಯ ವರ್ಷದಲ್ಲಂತೂ ಈ ಭಯವು ಅಧಿಕ. ಆದರೆ ಇದು ಹಣೆಬರಹವಲ್ಲ. ಎರಡನೆಯ ಆಘಾತವನ್ನು ಬಹಳ ಮಟ್ಟಿಗೆ ತಡೆಯಬಲ್ಲ ಔಷಧಗಳು ಇಂದು ಉಂಟು. ಅವುಗಳಲ್ಲಿ ಅನೇಕವು ಬೆಲೆಯಲ್ಲಿ ಅಗ್ಗವಾದುವು. ಹೀಗಿದ್ದೂ ಅವುಗಳನ್ನು ಸೇವಿಸಬೇಕಾದವರು ಸೇವಿಸುತ್ತಿಲ್ಲವೆಂಬುದು ದುಃಖದ ಸಂಗತಿ. 17 ರಾಷ್ಟ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಬೆಂಗಳೂರಿನ ವೈದ್ಯರೂ ಪಾಲ್ಗೊಂಡಿದ್ದರು. ಭಾರತವೂ ಸೇರಿದಂತೆ ಕಡಿಮೆ ಆದಾಯದ ದೇಶಗಳಲ್ಲಿ, ಈಗಾಗಲೇ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದವರ ಪೈಕಿ ಹತ್ತರಲ್ಲಿ ಎಂಟು ಮಂದಿ ಈ ಮಾತ್ರೆಗಳಲ್ಲಿ ಒಂದನ್ನೂ ಸೇವಿಸುತ್ತಿರಲಿಲ್ಲವೆಂದು ಅದರಲ್ಲಿ ಕಂಡುಬಂದಿತು. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಈ ಕೊರತೆಯು ಇನ್ನೂ ಹೆಚ್ಚಾಗಿತ್ತು.

ಕಾಲುವೆಯಲ್ಲಿ ಹೂಳು

ಹೃದಯವು ಇಡೀ ಶರೀರಕ್ಕೆ ರಕ್ತವನ್ನು ಒತ್ತುವ ಮಾಂಸಖಂಡ. ಅದಕ್ಕೂ ರಕ್ತದ ಪೋಷಣೆ ಬೇಕು. ಈ ಪೋಷಣೆಯನ್ನು ಒದಗಿಸಲು ಹೃದಯದ ಮೈಮೇಲೆಯೇ ಕಿರಿದಾದ ರಕ್ತನಾಳಗಳು ಹರಡಿಕೊಂಡಿವೆ. ಕೆರೆಯ ನೀರು ಕಾಲುವೆಗಳ ಮೂಲಕ ಗದ್ದೆಗಳಿಗೆ ಹರಿಯುವುದನ್ನು ನೀವು ದಿನವೂ ನೋಡುತ್ತೀರಿ. ಕಾಲುವೆಯಲ್ಲಿ ವರ್ಷವರ್ಷವೂ ಹೂಳು ತುಂಬಿದಂತೆ ಈ ನಾಳಗಳ ಒಳಗೋಡೆಯಲ್ಲಿ ಕೊಬ್ಬು ಶೇಖರವಾಗುತ್ತದೆ. ಒಂದು ದಿನ ಆ ಕೊಬ್ಬಿನ ಪದರವು ಬಿರಿದು, ಅದರ ಮೇಲೆ ರಕ್ತವು ಹೆಪ್ಪುಗಟ್ಟಿ, ನಾಳವು ಮುಚ್ಚಿಹೋಗುತ್ತದೆ. ಆ ನಾಳವನ್ನು ನೆಚ್ಚಿದ್ದ ಹೃದಯದ ಭಾಗವು ನೀರಿಲ್ಲದ ಮಡಿಯಂತೆ ಒಣಗತೊಡಗುತ್ತದೆ. ಇದೇ ಹೃದಯಾಘಾತ.

ಆಸ್ಪತ್ರೆಯಲ್ಲಿ ಮಾಡುವ ಚಿಕಿತ್ಸೆಯು ಮುಚ್ಚಿದ ಜಾಗವನ್ನು ತೆರೆಯುತ್ತದೆ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಕೊಡಬಹುದು. ತೆಳುವಾದ ನಳಿಕೆಯನ್ನು ತೂರಿಸಿ, ಕಿರಿದಾದ ಜಾಗವನ್ನು ಹಿಗ್ಗಿಸಿ, ಅಲ್ಲಿ ಸ್ಟೆಂಟ್ ಎಂಬ ಸಣ್ಣ ಲೋಹದ ಬಲೆಯನ್ನು ನಿಲ್ಲಿಸಬಹುದು. ಇಲ್ಲವೆ ಬೈಪಾಸ್ ಶಸ್ತ್ರಚಿಕಿತ್ಸೆಯಿಂದ ರಕ್ತಕ್ಕೆ ಬಳಸುದಾರಿ ಮಾಡಿಕೊಡಬಹುದು. ಇವೆಲ್ಲವೂ ಪ್ರಾಣ ಉಳಿಸುವ ಉಪಾಯಗಳು. ಆದರೆ ಹೂಳು ಒಂದೇ ಜಾಗದಲ್ಲಿ ಇರುವುದಿಲ್ಲ. ಉಳಿದ ಕಾಲುವೆಗಳಲ್ಲಿಯೂ ಅದು ಕುಳಿತಿರುತ್ತದೆ. “ಸ್ಟೆಂಟ್ ಹಾಕಿಸಿಯಾಯಿತು, ಇನ್ನು ಹೃದಯ ಹೊಸದಾಯಿತು” ಎಂಬ ಮಾತು ಹಳ್ಳಿಗಳಲ್ಲಿ ಮಾತ್ರವಲ್ಲ, ಕಲಿತವರ ಬಾಯಲ್ಲಿಯೂ ಕೇಳಿಬರುತ್ತದೆ. ಸ್ಟೆಂಟ್ ಕೆಲವೇ ಅಂಗುಲಗಳಷ್ಟು ಜಾಗವನ್ನು ಸಹ ಕಾಯಲಾರದು. ಮಿಕ್ಕ ನಾಳಗಳನ್ನು ಕಾಯುವುದು ನಿತ್ಯದ ಮಾತ್ರೆ ಮತ್ತು ನಿತ್ಯದ ನಡವಳಿಕೆ.

ಮಾತ್ರೆಗಳನ್ನು ನಿಲ್ಲಿಸಕೂಡದು

ಮನೆಗೆ ಬಂದು ಎರಡು ಮೂರು ತಿಂಗಳಾದ ಮೇಲೆ ನಡೆಯುವುದನ್ನು ಆರೋಗ್ಯ ಕಾರ್ಯಕರ್ತರೆಲ್ಲರೂ ಬಲ್ಲರು. ರೋಗಿಗೆ ಎದೆನೋವಿಲ್ಲ, ಉಬ್ಬಸವಿಲ್ಲ, ಊಟ ನಿದ್ರೆ ಸರಿಯಾಗಿವೆ. ತಂದ ಮಾತ್ರೆಗಳು ಮುಗಿಯುತ್ತವೆ. ಪಟ್ಟಣಕ್ಕೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ. ನೋಡಲು ಬಂದ ನೆಂಟರು “ಇಷ್ಟೊಂದು ಮಾತ್ರೆ ಮೈಗೆ ಉಷ್ಣ, ಇಂಗ್ಲಿಷ್ ಔಷಧಿ ಕಿಡ್ನಿ ಹಾಳುಮಾಡುತ್ತದೆ” ಎನ್ನುತ್ತಾರೆ. ಹೀಗೆ ಮೊದಲು ಒಂದು ಮಾತ್ರೆ, ಆಮೇಲೆ ಎಲ್ಲವೂ ನಿಲ್ಲುತ್ತವೆ. ನಿಲ್ಲಿಸಿದ ಮರುದಿನ ಏನೂ ಆಗುವುದಿಲ್ಲ. ಮರುವಾರವೂ ಏನೂ ಆಗದಿರಬಹುದು. ಆದುದರಿಂದ ನಿಲ್ಲಿಸಿದ್ದೇ ಸರಿಯೆಂಬ ಭ್ರಮೆ ಹುಟ್ಟುತ್ತದೆ. ರೋಗಿಯು ಚೆನ್ನಾಗಿರುವುದು ಆ ಮಾತ್ರೆಗಳಿಂದಲೇ ಎಂಬುದನ್ನು ಗಂಡ ಹೆಂಡಿರಿಬ್ಬರೂ ಮನಗಾಣಬೇಕು.

ಯಾವ ಮಾತ್ರೆ ಏತಕ್ಕೆ ಎಂದು ತಿಳಿದರೆ ಅದನ್ನು ಬಿಡಲು ಮನಸ್ಸು ಬಾರದು. ಆಸ್ಪಿರಿನ್ ಮಾತ್ರೆಯು, ಸಾಮಾನ್ಯವಾಗಿ ದಿನಕ್ಕೆ 75 ಮಿಲಿಗ್ರಾಂ, ರಕ್ತವು ನಾಳದಲ್ಲಿ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಇದನ್ನು ಸಾಮಾನ್ಯವಾಗಿ ಜೀವನಪರ್ಯಂತ ಸೇವಿಸಬೇಕಾಗುತ್ತದೆ. ಇದರ ಜೊತೆಗೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್ ಎಂಬ ಇನ್ನೊಂದು ಮಾತ್ರೆಯನ್ನೂ ಬಹುತೇಕ ರೋಗಿಗಳಿಗೆ ಸುಮಾರು ಒಂದು ವರ್ಷ ಕೊಡುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರು ಈ ಎರಡನ್ನು ಒಂದು ದಿನವೂ ತಪ್ಪಿಸಕೂಡದು. ತಪ್ಪಿಸಿದರೆ ಸ್ಟೆಂಟಿನ ಒಳಗೇ ರಕ್ತ ಹೆಪ್ಪುಗಟ್ಟಿ ದಿಢೀರನೆ ಪ್ರಾಣಕ್ಕೆ ಅಪಾಯವಾಗಬಹುದು. ಹಲ್ಲು ಕೀಳಿಸುವಾಗ, ಕಣ್ಣಿನ ಪೊರೆ ತೆಗೆಸುವಾಗ ಅಥವಾ ಬೇರೆ ಯಾವ ಶಸ್ತ್ರಚಿಕಿತ್ಸೆಯ ಸಮಯದಲ್ಲೇ ಆಗಲಿ, ಹೃದಯದ ವೈದ್ಯರನ್ನು ಕೇಳದೆ ಇವನ್ನು ನಿಲ್ಲಿಸತಕ್ಕದ್ದಲ್ಲ. ಮಲವು ಡಾಂಬರಿನಂತೆ ಕಪ್ಪಾದರೆ ಅಥವಾ ರಕ್ತವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಅಟೊರ್ವಾಸ್ಟಾಟಿನ್ ಮುಂತಾದ ಮಾತ್ರೆಗಳು ರಕ್ತದಲ್ಲಿನ ಕೆಟ್ಟ ಕೊಬ್ಬನ್ನು ಇಳಿಸಿ, ನಾಳದ ಗೋಡೆಯಲ್ಲಿರುವ ಕೊಬ್ಬಿನ ಪದರವು ಬಿರಿಯದಂತೆ ಗಟ್ಟಿಗೊಳಿಸುತ್ತವೆ. ಈ ಮಾತ್ರೆಯ ಗುಣವು ರೋಗಿಯ ಅನುಭವಕ್ಕೆ ಬರುವುದೇ ಇಲ್ಲ. ಆದಕಾರಣ ಎಲ್ಲಕ್ಕಿಂತ ಮೊದಲು ಬಿಟ್ಟುಹೋಗುವುದು ಇದೇ. ಆದರೆ ಈ ಜಾತಿಯ ಔಷಧವು ಎಷ್ಟು ಜೀವಗಳನ್ನು ಉಳಿಸುತ್ತದೆಂಬುದನ್ನು ಎಣಿಸಿ ನೋಡಿದ್ದಾರೆ. ಯೂರೋಪಿನ ಉತ್ತರದ ದೇಶಗಳಲ್ಲಿ ಎದೆನೋವು ಅಥವಾ ಹೃದಯಾಘಾತ ಆಗಿದ್ದ 4,444 ರೋಗಿಗಳನ್ನು ಐದು ವರ್ಷಗಳಿಗೂ ಮೇಲ್ಪಟ್ಟು ಗಮನಿಸಿ, 1994ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಔಷಧವಿಲ್ಲದ ಬರಿಯ ಮಾತ್ರೆ ಪಡೆದ 2,223 ಮಂದಿಯಲ್ಲಿ 256 ಮಂದಿ ತೀರಿಕೊಂಡಿದ್ದರು. ಔಷಧ ಪಡೆದ 2,221 ಮಂದಿಯಲ್ಲಿ ತೀರಿಕೊಂಡವರು 182. ತಮ್ಮ ಮೈಯಲ್ಲಿ ಏನೋ ಬದಲಾವಣೆ ಆಗುತ್ತಿದೆಯೆಂದು ಆ ರೋಗಿಗಳಿಗೂ ತಿಳಿದಿರಲಿಕ್ಕಿಲ್ಲ.

ಮೆಟೊಪ್ರೊಲಾಲ್ ಮುಂತಾದ ಮಾತ್ರೆಯು ಹೃದಯದ ಬಡಿತವನ್ನು ನಿಧಾನಗೊಳಿಸಿ ಅದರ ದುಡಿಮೆಯನ್ನು ಹಗುರಗೊಳಿಸುತ್ತದೆ. ಇದನ್ನು ಥಟ್ಟನೆ ನಿಲ್ಲಿಸುವುದು ಅಪಾಯಕರ. ರಾಮಿಪ್ರಿಲ್ ಜಾತಿಯ ಮಾತ್ರೆಯು ರಕ್ತದೊತ್ತಡವನ್ನು ಇಳಿಸಿ, ಪೆಟ್ಟು ತಿಂದ ಹೃದಯವು ಊದಿಕೊಳ್ಳದಂತೆ ಕಾಯುತ್ತದೆ. ಇದರಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಕೊಬ್ಬಿನ ಮಾತ್ರೆಯಿಂದ ಕೆಲವರಿಗೆ ಮೈಕೈ ನೋವು ಕಾಣಿಸಬಹುದು. ಇಂಥ ತೊಂದರೆಗಳನ್ನು ವೈದ್ಯರಿಗೆ ಹೇಳಿದರೆ ಬದಲಿ ಮಾತ್ರೆ ಕೊಡುತ್ತಾರೆ. ಹೇಳದೆ ಬಿಟ್ಟುಬಿಡುವುದು ಮಾತ್ರ ಸಲ್ಲದು.

ಹಣದ ತೊಂದರೆಯಿದ್ದವರು ಸಂಕೋಚಪಡದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿಯನ್ನು ತೋರಿಸಿ ವಿಚಾರಿಸಬೇಕು. ಜನೌಷಧಿ ಕೇಂದ್ರಗಳಲ್ಲಿ ಇದೇ ಔಷಧಗಳು ಬೇರೆ ಹೆಸರಿನ ಡಬ್ಬಿಯಲ್ಲಿ ಬಹಳ ಕಡಿಮೆ ಬೆಲೆಗೆ ದೊರೆಯುತ್ತವೆ. ಗುಣದಲ್ಲಿ ಅವು ಕಡಿಮೆಯಲ್ಲ. ಮಾತ್ರೆಗಳು ಮುಗಿಯಲು ಹತ್ತು ದಿನಗಳಿರುವಾಗಲೇ ಮುಂದಿನವನ್ನು ತಂದಿಡುವುದು ಒಳ್ಳೆಯ ಪದ್ಧತಿ. ಸುಗ್ಗಿಯಲ್ಲಿ, ಜಾತ್ರೆಯಲ್ಲಿ, ಮಗಳ ಮನೆಗೆ ಹೋದಾಗ ಮಾತ್ರೆ ತಪ್ಪುವುದು ಹೆಚ್ಚು. ಉಪವಾಸದ ದಿನವೂ ಮಾತ್ರೆಯನ್ನು ನುಂಗಬೇಕು. ಒಂದು ಗುಟುಕು ನೀರಿನಿಂದ ವ್ರತವು ಕೆಡದು. ರಂಜಾನ್ ಉಪವಾಸ ಮಾಡುವವರು ಮೊದಲೇ ವೈದ್ಯರನ್ನು ಕಂಡು ಮಾತ್ರೆಗಳ ಹೊತ್ತನ್ನು ಬದಲಿಸಿಕೊಳ್ಳಬೇಕು.

ಇನ್ನೊಂದು ಮಾತು. ಮಂಡಿನೋವು, ಸೊಂಟನೋವುಗಳಿಗೆ ಅಂಗಡಿಯಲ್ಲಿ ಕೇಳಿ ಪಡೆಯುವ ಡೈಕ್ಲೊಫಿನ್ಯಾಕ್, ಐಬುಪ್ರೊಫೇನ್ ಮುಂತಾದ ನೋವಿನ ಮಾತ್ರೆಗಳು ಹೃದ್ರೋಗಿಗಳಿಗೆ ಹಾನಿಕರ. ಗದ್ದೆಯ ಕೆಲಸದಿಂದ ಮೈ ನೊಂದಾಗ ಅಭ್ಯಾಸಬಲದಿಂದ ಇವನ್ನು ನುಂಗಿಬಿಡುವವರು ಬಹಳ. ನೋವಿದ್ದರೆ ತಮಗೆ ಹೃದ್ರೋಗವಿದೆಯೆಂದು ತಿಳಿಸಿ ವೈದ್ಯರಿಂದಲೇ ಔಷಧ ಪಡೆಯಬೇಕು. ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಸಾಕಾಗುತ್ತದೆ.

ಹೊಗೆಸೊಪ್ಪು ಮತ್ತು ಊಟ

ಹೊಗೆಸೊಪ್ಪಿನ ವಿಷಯದಲ್ಲಿ ರಿಯಾಯಿತಿಯೇ ಇಲ್ಲ. ಬೀಡಿ, ಸಿಗರೇಟು, ಗುಟ್ಕಾ, ಖೈನಿ, ಕಡ್ಡಿಪುಡಿ, ಎಲೆಅಡಿಕೆಯೊಂದಿಗೆ ಹಾಕಿಕೊಳ್ಳುವ ಹೊಗೆಸೊಪ್ಪು ಎಲ್ಲವೂ ಒಂದೇ. ಆಘಾತದ ಅನಂತರ ಧೂಮಪಾನವನ್ನು ಪೂರ್ತಿಯಾಗಿ ಬಿಟ್ಟವರಲ್ಲಿ ಸಾವಿನ ಅಪಾಯವು, ಬಿಡದವರಿಗಿಂತ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆಂದು ಅಧ್ಯಯನಗಳು ತೋರಿಸಿವೆ. ಇಷ್ಟು ಲಾಭವನ್ನು ಒಂದು ಕಾಸಿನ ಖರ್ಚಿಲ್ಲದೆ ಕೊಡುವ ಚಿಕಿತ್ಸೆ ಬೇರೊಂದಿಲ್ಲ. “ದಿನಕ್ಕೆ ಎರಡೇ ಬೀಡಿ” ಎಂಬ ಒಪ್ಪಂದವು ನಡೆಯದು. ಮನೆಯಲ್ಲಿ ಇನ್ನೊಬ್ಬರು ಸೇದಿದ ಹೊಗೆಯೂ ರೋಗಿಯ ನಾಳಗಳನ್ನು ಕೆಡಿಸುತ್ತದೆ. ಆದುದರಿಂದ ಹೆಂಡತಿಗೆ ಆಘಾತವಾಗಿದ್ದರೆ ಬೀಡಿಯನ್ನು ಬಿಡಬೇಕಾದವನು ಗಂಡ. ಹೆಂಗಸರು ತಿನ್ನುವ ಹೊಗೆಸೊಪ್ಪನ್ನು ಚಟವೆಂದೇ ಯಾರೂ ಎಣಿಸುವುದಿಲ್ಲ. ವೈದ್ಯರು ಕೇಳಿದಾಗ ಅದನ್ನು ಮರೆಮಾಚಬಾರದು. ಮದ್ಯವನ್ನು ಬಿಡುವುದೇ ಕ್ಷೇಮ.

ಊಟದ ವಿಷಯದಲ್ಲಿ ನಮ್ಮ ಹಳ್ಳಿಗಳ ಅಡಿಗೆಯು ಮೂಲದಲ್ಲಿ ಹೃದಯಕ್ಕೆ ಒಳ್ಳೆಯದೇ. ರಾಗಿಮುದ್ದೆ, ಜೋಳದ ರೊಟ್ಟಿ, ಸೊಪ್ಪಿನ ಸಾರು, ಹುರುಳಿ, ಹೆಸರು, ಅಲಸಂದೆ, ಹಸಿ ತರಕಾರಿ, ನೀರು ಮಜ್ಜಿಗೆ — ಇವುಗಳಿಗಾಗಿ ಪಟ್ಟಣದ ಅಂಗಡಿಗೆ ಹೋಗಬೇಕಾಗಿಲ್ಲ. ಕೆಡುಕು ಬಂದಿರುವುದು ಮೂರು ಬಗೆಯಿಂದ. ಮೊದಲನೆಯದು ಉಪ್ಪು. ಒಬ್ಬರಿಗೆ ದಿನಕ್ಕೆ ಎಲ್ಲ ಬಗೆಯಿಂದಲೂ ಸೇರಿ 5 ಗ್ರಾಂ, ಎಂದರೆ ಒಂದು ಟೀ ಚಮಚದಷ್ಟು ಉಪ್ಪು ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಒಣಮೀನುಗಳಲ್ಲಿ ಉಪ್ಪು ಅಡಗಿ ಕುಳಿತಿರುತ್ತದೆ. ಸಾರಿಗೆ ಉಪ್ಪು ಕಡಿಮೆ ಮಾಡಿ, ಪಕ್ಕದಲ್ಲಿ ಉಪ್ಪಿನಕಾಯಿ ಬಡಿಸಿದರೆ ಏನು ಬಂತು? ಎರಡನೆಯದು ಎಣ್ಣೆ. ಮನೆಯಲ್ಲಿ ತಲೆಯೊಂದಕ್ಕೆ ತಿಂಗಳಿಗೆ ಅರ್ಧ ಲೀಟರಿಗಿಂತ ಹೆಚ್ಚು ಎಣ್ಣೆ ಖರ್ಚಾಗದಂತೆ ನೋಡಿಕೊಳ್ಳಬೇಕು. ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಮಾಡಿದ ಬಜ್ಜಿ, ಬೋಂಡಾ ಹಾಗೂ ಡಾಲ್ಡಾದ ತಿಂಡಿಗಳು ವರ್ಜ್ಯ. ಮೂರನೆಯದು ಸಕ್ಕರೆ, ದಿನಕ್ಕೆ ಆರು ಏಳು ಬಾರಿ ಕುಡಿಯುವ ಚಹಾದ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ. ಮಾಂಸಾಹಾರಿಗಳು ಎಣ್ಣೆಯಲ್ಲಿ ಕರಿಯದ ಮೀನನ್ನೂ ಚರ್ಮ ತೆಗೆದ ಕೋಳಿಯನ್ನೂ ಮಿತವಾಗಿ ತಿನ್ನಬಹುದು. ಕೊಬ್ಬಿರುವ ಕುರಿಮಾಂಸವನ್ನು ಅಪರೂಪಕ್ಕೆ ಇಟ್ಟುಕೊಳ್ಳಬೇಕು.

ರೋಗಿಗೆ ಬೇರೆ ಅಡಿಗೆ, ಮನೆಯವರಿಗೆ ಬೇರೆ ಅಡಿಗೆ ಎಂದು ಮಾಡುವ ಕ್ರಮವು ಹೆಚ್ಚು ದಿನ ನಡೆಯುವುದಿಲ್ಲ. ಮಾಡುವವರಿಗೂ ದಣಿವು, ಉಣ್ಣುವವನಿಗೂ ಬೇಸರ. ಇಡೀ ಮನೆಯ ಅಡಿಗೆಯನ್ನೇ ಬದಲಿಸಿದರೆ ಮಕ್ಕಳ ನಾಳಗಳಿಗೂ ಒಳಿತು. ಹೃದ್ರೋಗವು ಒಂದೇ ಮನೆತನದಲ್ಲಿ ಹಲವರಿಗೆ ಬರುವುದುಂಟು. ಗಂಡಸಿಗೆ 55ರ ಒಳಗೆ, ಹೆಂಗಸಿಗೆ 65ರ ಒಳಗೆ ಆಘಾತವಾಗಿದ್ದರೆ ಅವರ ಒಡಹುಟ್ಟಿದವರೂ ಬೆಳೆದ ಮಕ್ಕಳೂ ರಕ್ತದೊತ್ತಡ, ಸಕ್ಕರೆ, ಕೊಬ್ಬುಗಳನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು.

ರೋಗಿಯ ರಕ್ತದೊತ್ತಡವು ಸಾಮಾನ್ಯವಾಗಿ 130/80ಕ್ಕಿಂತ ಕೆಳಗೆ, ಕೆಟ್ಟ ಕೊಬ್ಬು 70 ಮಿಲಿಗ್ರಾಮಿಗಿಂತ ಕೆಳಗೆ ಇರಬೇಕೆಂದು ವೈದ್ಯರು ಬಯಸುತ್ತಾರೆ. ಸಕ್ಕರೆ ಕಾಯಿಲೆಯಿದ್ದವರಿಗೆ ಅದರ ಹತೋಟಿಯೂ ಅಷ್ಟೇ ಅಗತ್ಯ. ಪರೀಕ್ಷೆಯ ಅಂಕಿಗಳನ್ನು ಒಂದು ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡುವುದು ಉಪಯುಕ್ತ. ವರ್ಷಕ್ಕೊಮ್ಮೆ ಫ್ಲೂ ಜ್ವರದ ಲಸಿಕೆ ಹಾಕಿಸಿಕೊಳ್ಳುವ ಬಗ್ಗೆಯೂ ವೈದ್ಯರನ್ನು ಕೇಳಬಹುದು.

ದುಡಿಮೆಗೆ ಮರಳುವುದು

ಆಘಾತವಾದ ಮೇಲೆ ಜೀವನವಿಡೀ ಮಂಚದ ಮೇಲೆ ಮಲಗಿರಬೇಕೆಂಬುದು ತಪ್ಪು ತಿಳಿವಳಿಕೆ. ಹೃದಯವೂ ಮಾಂಸಖಂಡವೇ ಆದುದರಿಂದ ಹದವಾದ ದುಡಿಮೆಯಿಂದ ಅದು ಬಲಗೊಳ್ಳುತ್ತದೆ. ಮೊದಲ ವಾರ ಅಂಗಳದಲ್ಲಿ ಐದೈದು ನಿಮಿಷ ದಿನಕ್ಕೆ ಎರಡು ಬಾರಿ ನಡೆದರೆ ಸಾಕು. ವಾರವಾರವೂ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ, ಆರು ವಾರಗಳ ಹೊತ್ತಿಗೆ ಅರ್ಧ ಗಂಟೆಯ ನಡಿಗೆಗೆ ಮುಟ್ಟಬಹುದು. ನಡೆಯುವಾಗ ಜೊತೆಗಾರರೊಡನೆ ಮಾತನಾಡಲು ಆಗುತ್ತಿರಬೇಕು. ಮಾತು ತಡೆದು ಏದುಸಿರು ಬಂದರೆ ನಡಿಗೆ ಹೆಚ್ಚಾಯಿತೆಂದು ತಿಳಿಯಬೇಕು. ಊಟವಾದ ಕೂಡಲೇ, ಸುಡುಬಿಸಿಲಿನಲ್ಲಿ, ಮೈಕೊರೆಯುವ ಚಳಿಯಲ್ಲಿ ನಡೆಯಬಾರದು.

ಹೊಲದ ಕೆಲಸಗಳಲ್ಲಿ ಹಗುರವಾದುವನ್ನು ಮೊದಲು ಹಿಡಿಯಬೇಕು. ಕಳೆ ಕೀಳುವುದು, ದನಗಳಿಗೆ ಮೇವು ಹಾಕುವುದು ಮೊದಲಾಗಬಹುದು. ನೇಗಿಲು ಹಿಡಿಯುವುದು, ಗುದ್ದಲಿಯಿಂದ ಅಗೆಯುವುದು, ಮೂಟೆ ಹೊರುವುದು ವೈದ್ಯರ ಒಪ್ಪಿಗೆಯ ಅನಂತರವೇ. ಬೈಪಾಸ್ ಆದವರಲ್ಲಿ ಸೀಳಿದ ಎದೆಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ತುಂಬಿದ ಬಿಂದಿಗೆಯನ್ನೂ ಎತ್ತಕೂಡದು, ದ್ವಿಚಕ್ರ ವಾಹನವನ್ನೂ ಓಡಿಸಕೂಡದು. ಇಲ್ಲಿ ಒಂದು ಅನ್ಯಾಯವನ್ನು ಹೇಳಲೇಬೇಕು. ಗಂಡಸಿಗೆ ಆಘಾತವಾದರೆ ಮನೆಯವರೆಲ್ಲ ಸೇರಿ ಅವನನ್ನು ಕೆಲಸದಿಂದ ತಪ್ಪಿಸುತ್ತಾರೆ. ಹೆಂಗಸಿಗಾದರೆ ಎಂಟನೆಯ ದಿನಕ್ಕೆ ಅವಳು ನೀರು ಹೊತ್ತು, ಒಲೆಯ ಮುಂದೆ ಕುಳಿತಿರುತ್ತಾಳೆ. ಎಲ್ಲರೂ ಉಂಡ ಮೇಲೆ ಉಂಡು, ತನ್ನ ಮಾತ್ರೆಯನ್ನು ಮರೆಯುತ್ತಾಳೆ. ಅವಳ ಕೆಲಸಗಳನ್ನು ಆರು ವಾರಗಳ ಮಟ್ಟಿಗಾದರೂ ಗಂಡನೂ ಮಕ್ಕಳೂ ಹಂಚಿಕೊಳ್ಳತಕ್ಕದ್ದು.

ದಾಂಪತ್ಯ ಜೀವನ ಮತ್ತು ಸಂತಾನ ನಿಯಂತ್ರಣ

ಬಹುಪಾಲು ದಂಪತಿಗಳು ವೈದ್ಯರಲ್ಲಿ ಕೇಳಲು ನಾಚುವ ಪ್ರಶ್ನೆಯಿದು. ಕೇಳದೆ ಉಳಿದುದರಿಂದ ಇಬ್ಬರೂ ಒಳಗೊಳಗೇ ಹೆದರುತ್ತಾರೆ. ತನ್ನಿಂದ ಗಂಡನ ಪ್ರಾಣಕ್ಕೆ ಕುತ್ತು ಬಂದೀತೆಂದು ಹೆಂಡತಿ ದೂರ ಮಲಗುತ್ತಾಳೆ. ತನ್ನನ್ನು ನಿಷ್ಪ್ರಯೋಜಕನೆಂದು ಅವಳು ಎಣಿಸಿದಳೆಂದು ಗಂಡ ನೊಂದುಕೊಳ್ಳುತ್ತಾನೆ. ನಿಜಸ್ಥಿತಿ ಇಷ್ಟೇ: ಆಘಾತದ ಅನಂತರ ಬೇರೆ ತೊಡಕುಗಳಿಲ್ಲದವರು, ಎರಡು ಅಂತಸ್ತಿನ ಮೆಟ್ಟಿಲುಗಳನ್ನು ಎದೆನೋವಾಗಲಿ ಏದುಸಿರಾಗಲಿ ಇಲ್ಲದೆ ಹತ್ತಬಲ್ಲವರಾದರೆ ದಾಂಪತ್ಯ ಸಂಬಂಧವನ್ನು ಮುಂದುವರಿಸಬಹುದು. ಹೆಚ್ಚಿನವರಿಗೆ ಇದು ಕೆಲವು ವಾರಗಳಲ್ಲಿ ಸಾಧ್ಯವಾಗುತ್ತದೆ. ಬೈಪಾಸ್ ಆದವರು ಎದೆಮೂಳೆ ಕೂಡುವವರೆಗೆ ಕಾಯಬೇಕು. ಮುಂದಿನ ಭೇಟಿಯಲ್ಲಿ ಇಬ್ಬರೂ ಕೂಡಿ ವೈದ್ಯರನ್ನು ಕೇಳಿ ನಿಶ್ಚಯಿಸಿಕೊಳ್ಳುವುದು ಉತ್ತಮ. ವೈದ್ಯರಿಗೆ ಇದು ಹೊಸ ಪ್ರಶ್ನೆಯಲ್ಲ. ಹೊಟ್ಟೆ ತುಂಬ ಉಂಡ ಮೇಲೆ, ಕುಡಿದು ಬಂದಾಗ, ಬಹಳ ದಣಿದಾಗ ಸಂಭೋಗ ಬೇಡ.

ಪುರುಷಶಕ್ತಿಗೆಂದು ಗುಟ್ಟಾಗಿ ಮಾರುವ ಮಾತ್ರೆಗಳ ವಿಷಯದಲ್ಲಿ ಬಹಳ ಎಚ್ಚರ ಬೇಕು. ಇವುಗಳಲ್ಲಿ ಹಲವುಗಳಲ್ಲಿ ಸಿಲ್ಡೆನಾಫಿಲ್ ಎಂಬ ಔಷಧವಿರುತ್ತದೆ. ಹೃದ್ರೋಗಿಗಳು ಎದೆನೋವಿಗೆ ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಯೊಂದಿಗೆ ಇದು ಕೂಡಿದರೆ ರಕ್ತದೊತ್ತಡವು ಪಾತಾಳಕ್ಕಿಳಿದು ಸಾವು ಸಂಭವಿಸಬಹುದು. ಶಕ್ತಿ ಕುಂದಿದ್ದರೆ ಅದನ್ನು ವೈದ್ಯರಿಗೇ ಹೇಳಬೇಕು.

ಹೃದಯಾಘಾತವಾಗಿರುವ ಹೆಂಗಸು ಮಾಲಾ-ಎನ್ ಮುಂತಾದ ಗರ್ಭನಿರೋಧಕ ಗುಳಿಗೆಗಳನ್ನು ಸೇವಿಸಕೂಡದು. ಅವುಗಳಲ್ಲಿರುವ ಈಸ್ಟ್ರೋಜನ್ ಅಂಶವು ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದೂ ಇಂಥವರಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ. ಕಾಪರ್-ಟಿ ಮತ್ತು ನಿರೋಧ್ ಸುರಕ್ಷಿತವಾದುವು. ಮಕ್ಕಳು ಸಾಕೆಂದು ನಿಶ್ಚಯಿಸಿದ ದಂಪತಿಗಳಲ್ಲಿ ಹೆಂಡತಿಗೆ ಹೃದ್ರೋಗವಿದ್ದು ಗಂಡ ಆರೋಗ್ಯವಂತನಾಗಿದ್ದರೆ, ಅವನೇ ಗಾಯವಿಲ್ಲದ, ಹೊಲಿಗೆಯಿಲ್ಲದ ಪುರುಷ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಳ್ಳುವುದು ಯೋಗ್ಯ. ಕೆಲವೇ ನಿಮಿಷಗಳ ಕೆಲಸವದು. ಅದಾದ ಮೂರು ತಿಂಗಳವರೆಗೆ ನಿರೋಧ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಗಂಡನೇ ಹೃದ್ರೋಗಿಯಾಗಿದ್ದು ರಕ್ತ ತೆಳುಗೊಳಿಸುವ ಮಾತ್ರೆಗಳನ್ನು ಸೇವಿಸುತ್ತಿದ್ದರೆ, ಶಸ್ತ್ರಚಿಕಿತ್ಸೆಗಾಗಿ ಅವನ್ನು ನಿಲ್ಲಿಸುವ ಬದಲು ಸದ್ಯಕ್ಕೆ ಬೇರೆ ವಿಧಾನವನ್ನು ಅನುಸರಿಸುವುದು ಲೇಸು. ರಾಮಿಪ್ರಿಲ್ ಗರ್ಭದ ಶಿಶುವಿಗೆ ಹಾನಿಕರ. ಕೊಬ್ಬಿನ ಮಾತ್ರೆಯನ್ನೂ ಸಾಮಾನ್ಯವಾಗಿ ಗರ್ಭಿಣಿಯರಿಗೆ ಕೊಡುವುದಿಲ್ಲ. ಇವನ್ನು ಸೇವಿಸುವ ಹೆಂಗಸು ಮಗುವನ್ನು ಬಯಸಿದರೆ ಮೊದಲೇ ವೈದ್ಯರನ್ನು ಕಾಣಬೇಕು. ಮುಟ್ಟು ತಪ್ಪಿದರೆ ಅಂದೇ ಹೋಗಬೇಕು.

ಮನಸ್ಸಿನ ಭಾರ

ಆಘಾತದಿಂದ ಉಳಿದುಬಂದ ಮನುಷ್ಯನು ಮುಂಚಿನಂತಿರದೆ ಸಣ್ಣ ಮಾತಿಗೆ ಸಿಡಿಯುವುದು, ಸುಮ್ಮನೆ ಗೋಡೆ ನೋಡುತ್ತ ಕೂರುವುದು, ಅಳುವುದು ಅಪರೂಪವಲ್ಲ. ರಾತ್ರಿ ನಿದ್ದೆಯಲ್ಲಿ ಅವನ ಉಸಿರು ಇದೆಯೇ ಎಂದು ಎದ್ದೆದ್ದು ನೋಡುವ ಹೆಂಡತಿಯೂ ದಣಿಯುತ್ತಾಳೆ. ಇದು ಸ್ವಭಾವದ ದೋಷವಲ್ಲ. ಎರಡು ವಾರಗಳಿಗೂ ಮೀರಿ ಮಂಕು ಕವಿದಿದ್ದರೆ ಚಿಕಿತ್ಸೆ ಬೇಕು, ಏಕೆಂದರೆ ಮನಸ್ಸು ಕುಗ್ಗಿದವರು ಮಾತ್ರೆಯನ್ನೂ ನಡಿಗೆಯನ್ನೂ ಕೈಬಿಡುತ್ತಾರೆ. 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮತ್ತೆ ಎದೆನೋವು ಬಂದರೆ

ಎದೆಯ ನಡುವೆ ಕಲ್ಲು ಹೇರಿದಂಥ ಭಾರ, ಎಡದೋಳಿಗೋ ದವಡೆಗೋ ಬೆನ್ನಿಗೋ ಹರಿಯುವ ನೋವು, ತಣ್ಣನೆಯ ಬೆವರು, ಉಸಿರು ಕಟ್ಟುವುದು — ಇವು ಮುಖ್ಯ ಲಕ್ಷಣಗಳು. ಹೆಂಗಸರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ಎದೆನೋವು ಅಷ್ಟಾಗಿ ಇಲ್ಲದೆ ಬರಿಯ ವಾಕರಿಕೆ, ವಿಪರೀತ ಸುಸ್ತು, ಹೊಟ್ಟೆಯ ಮೇಲ್ಭಾಗದ ಸಂಕಟ ಕಾಣಿಸಬಹುದು. ಇಂಥ ಹೊತ್ತಿನಲ್ಲಿ “ಗ್ಯಾಸ್ಟ್ರಿಕ್” ಎಂದು ಹೇಳಿ ಸೋಡಾ ಕುಡಿಸಿ ಮಲಗಿಸುವ ಅಭ್ಯಾಸದಿಂದ ಹೋದ ಜೀವಗಳು ಎಷ್ಟೋ. ಒಮ್ಮೆ ಆಘಾತವಾದವರ ಮಟ್ಟಿಗೆ ಎದೆಯ ಸಂಕಟವನ್ನು ಗ್ಯಾಸ್ಟ್ರಿಕ್ ಎಂದು ತೀರ್ಮಾನಿಸುವ ಅಧಿಕಾರವು ಮನೆಯವರಿಗೂ ಇಲ್ಲ, ಔಷಧಿ ಅಂಗಡಿಯವನಿಗೂ ಇಲ್ಲ.

ರೋಗಿಯು ಮಾಡುತ್ತಿರುವ ಕೆಲಸವನ್ನು ಅಲ್ಲಿಗೇ ಬಿಟ್ಟು ಕುಳಿತುಕೊಳ್ಳಬೇಕು. ವೈದ್ಯರು ಸಾರ್ಬಿಟ್ರೇಟ್ ಕೊಟ್ಟಿದ್ದರೆ ಒಂದನ್ನು ನಾಲಿಗೆಯ ಕೆಳಗಿಡಬೇಕು. ನಿಂತುಕೊಂಡು ಇಟ್ಟರೆ ತಲೆಸುತ್ತಿ ಬೀಳುವ ಭಯವುಂಟು. ಐದು ನಿಮಿಷಗಳಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಕರೆ ಮಾಡಬೇಕು. 2008ರಿಂದ ನಮ್ಮ ರಾಜ್ಯದಲ್ಲಿರುವ ಈ ಸೇವೆಯು ಉಚಿತ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಮೊದಲ ಗಂಟೆಗಳಲ್ಲಿ ಕೊಟ್ಟಷ್ಟೂ ಹೃದಯದ ಹೆಚ್ಚು ಭಾಗವು ಉಳಿಯುತ್ತದೆ. ಹನ್ನೆರಡು ಗಂಟೆ ಕಳೆದ ಮೇಲೆ ಅದರಿಂದ ಪ್ರಯೋಜನವು ಅಲ್ಪ. ಇದಕ್ಕಾಗಿ ದೂರದ ಪಟ್ಟಣಕ್ಕೇ ಓಡಬೇಕೆಂದಿಲ್ಲ. 2023ರಲ್ಲಿ ಘೋಷಣೆಯಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ಸೇರಿಸಲಾದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಜಯದೇವದಂಥ ದೊಡ್ಡ ಹೃದ್ರೋಗ ಆಸ್ಪತ್ರೆಯ ತಜ್ಞರಿಗೆ ಕೂಡಲೇ ಕಳುಹಿಸಿ, ಅವರ ಸಲಹೆಯಂತೆ ಈ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ನಿಮಗೆ ಹತ್ತಿರವಾದ ಯಾವ ಆಸ್ಪತ್ರೆಯಲ್ಲಿ ಈ ಸೌಕರ್ಯವಿದೆಯೆಂಬುದನ್ನು ಆಶಾ ಕಾರ್ಯಕರ್ತೆಯಿಂದ ಇಂದೇ ಕೇಳಿ ತಿಳಿದುಕೊಳ್ಳಿ.

ಬಿಡುಗಡೆಯ ಚೀಟಿ, ಹಳೆಯ ಇ.ಸಿ.ಜಿ., ಮಾತ್ರೆಗಳ ಪಟ್ಟಿ, ಪಡಿತರ ಚೀಟಿ ಮತ್ತು ಆಧಾರ್ ಕಾರ್ಡಿನ ಪ್ರತಿಗಳನ್ನು ಒಂದೇ ಚೀಲದಲ್ಲಿಟ್ಟು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಬೇಕು. ರೋಗಿಯು ದ್ವಿಚಕ್ರ ವಾಹನದ ಹಿಂದೆ ಕುಳಿತು ಹೋಗುವುದಾಗಲಿ, ತಾನೇ ನಡೆದು ರಸ್ತೆಗೆ ಹೋಗುವುದಾಗಲಿ ಬೇಡ. 108ಕ್ಕೆ ಕರೆ ಮಾಡಿದಾಗ ಊರಿನ ಹೆಸರು, ಗ್ರಾಮ ಪಂಚಾಯತಿ, ತಾಲ್ಲೂಕು ಮತ್ತು ಸಮೀಪದ ಗುಡಿ, ಶಾಲೆ ಅಥವಾ ಹಾಲಿನ ಡೇರಿಯ ಗುರುತು ಹೇಳಬೇಕು. ತೋಟದ ಮನೆಯಾದರೆ ಒಬ್ಬರು ರೋಗಿಯ ಬಳಿ ಉಳಿದು, ಇನ್ನೊಬ್ಬರು ಬ್ಯಾಟರಿ ಹಿಡಿದು ಡಾಂಬರು ರಸ್ತೆಯ ಕೂಡಿನಲ್ಲಿ ವಾಹನ ಬರುವವರೆಗೆ ನಿಂತಿರಬೇಕು.